ಹಾರಿದರೆ ಗರ್ಭಕೋಶ ಜಾರುವುದಿಲ್ಲ

ಮೂಡಿಗೆರೆ ಕಡೆಯ ಅಜ್ಜಿಯೊಬ್ಬರು ಎಂಟನೇ ಕ್ಲಾಸಿನ ಮೊಮ್ಮಗಳನ್ನು ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗಿಗೆ ಕಾಯಿಲೆ ಏನೂ ಇರಲಿಲ್ಲ. ಉದ್ದ ಜಿಗಿತದಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಳು. ದೊಡ್ಡವಳಾಗಿ ಆರು ತಿಂಗಳಾಗಿತ್ತು. "ಡಾಕ್ಟ್ರಮ್ಮ, ಹಿಂಗೆ ಹಾರಿದ್ರೆ ಗರ್ಭಕೋಶ ಜಾರಲ್ವಾ? ನೀವೇ ಬೇಡ ಅಂತ ಒಂದು ಮಾತು ಹೇಳಿ" ಎಂದರು ಅಜ್ಜಿ.

ಹಳ್ಳಿಯ ಅಜ್ಜಿಯರು ಮಾತ್ರ ಕೇಳುವ ಪ್ರಶ್ನೆ ಇದಲ್ಲ. ಚಳಿಗಾಲದ ಒಲಿಂಪಿಕ್ಸ್‌ನ ಒಂದು ಆಟದಲ್ಲಿ ಇದೇ ಭಯ ಹೆಂಗಸರಿಗೆ ಬಹಳ ಕಾಲ ಅಡ್ಡ ಬಂದಿತ್ತು. ಆ ಆಟ ಸ್ಕೀ ಜಂಪಿಂಗ್. ನಮ್ಮ ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿಯುತ್ತದೆ, ಹಿಮ ಬೀಳುವುದಿಲ್ಲ. ಹಾಗಾಗಿ ನಾವು ಇದನ್ನು ನೋಡಿದರೆ ಟಿವಿಯಲ್ಲೇ. ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು, ಕಡಿದಾದ ಜಾರುದಾರಿಯಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಇಳಿದು, ತುದಿಯಲ್ಲಿ ಚಿಮ್ಮಿ, ನೂರು ಮೀಟರ್ ಆಚೆ ಹೋಗಿ ಇಳಿಯುತ್ತಾರೆ. ಗಂಡಸರಿಗೆ ಇದು 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೇ ಇದೆ. ಹೆಂಗಸರಿಗೆ ಸಿಕ್ಕಿದ್ದು 2014ರಲ್ಲಿ, ಸೋಚಿಯಲ್ಲಿ. ನಡುವೆ ತೊಂಬತ್ತು ವರ್ಷ! ಅಲ್ಲಿಯವರೆಗೆ ಹೆಂಗಸರು ಹಾರುತ್ತಿರಲಿಲ್ಲ ಅಂತಲ್ಲ. 1911ರಲ್ಲೇ ಆಸ್ಟ್ರಿಯಾದ ಪೌಲಾ ಲಾಂಬರ್ಗ್ ಉದ್ದ ಲಂಗ ತೊಟ್ಟುಕೊಂಡೇ 22 ಮೀಟರ್ ಹಾರಿದ್ದರು.

2005ರಲ್ಲಿ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷರಾಗಿದ್ದ ಜಾನ್ ಫ್ರಾಂಕೊ ಕಾಸ್ಪರ್ ಒಂದು ಮಾತು ಹೇಳಿದರು. ಇದು ಎರಡು ಮೀಟರ್ ಎತ್ತರದಿಂದ ವರ್ಷಕ್ಕೆ ಸಾವಿರ ಸಲ ನೆಲಕ್ಕೆ ಹಾರಿದ ಹಾಗೆ, ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ಸರಿಹೋಗುವಂತೆ ಕಾಣುವುದಿಲ್ಲ ಎಂಬ ಅರ್ಥದ ಮಾತು. ಅಮೆರಿಕದ ಜಿಗಿತಗಾರ್ತಿ ಲಿಂಡ್ಸೆ ವ್ಯಾನ್ ಅವರಿಗಂತೂ ಗರ್ಭಕೋಶ ಬಿದ್ದುಹೋಗುತ್ತದೆ ಎಂದು ನೇರವಾಗಿ ಹೇಳಿದವರಿದ್ದರು.

ವೈದ್ಯಕೀಯ ಅಂದ ಮೇಲೆ ಸ್ತ್ರೀರೋಗ ವೈದ್ಯೆಯಾದ ನಾನು ಸುಮ್ನೆ ಇರಲಾರೆ. ಗರ್ಭಿಣಿಯಲ್ಲದ ಹೆಂಗಸಿನ ಗರ್ಭಕೋಶ ಏಳೆಂಟು ಸೆಂಟಿಮೀಟರ್ ಉದ್ದದ ಸಣ್ಣ ಅಂಗ. ಒಂದು ಸೀಬೆಕಾಯಿಯಷ್ಟು ಅಂದುಕೊಳ್ಳಿ. ಸೊಂಟದ ಮೂಳೆಗಳ ಬಟ್ಟಲಿನೊಳಗೆ, ಮೂತ್ರಕೋಶ ಮತ್ತು ಮಲದ ಕರುಳಿನ ನಡುವೆ ಕೂತಿರುತ್ತದೆ. ಗಟ್ಟಿ ಪಟ್ಟಿಗಳು ಅದನ್ನು ಹಿಡಿದಿರುತ್ತವೆ, ಕೆಳಗಿನಿಂದ ಸ್ನಾಯುಗಳ ಹಾಸು ಹೊತ್ತಿರುತ್ತದೆ. ಆರೋಗ್ಯವಂತ ಹುಡುಗಿ ಹಾರಿದಳು ಅಂತ ಅದು ಜಾರುವುದಿಲ್ಲ. ಪೆಟ್ಟು ಸುಲಭವಾಗಿ ಬೀಳುವುದು ಗಂಡಸರ ವೃಷಣಕ್ಕೆ, ಅದು ಮೈಯ ಹೊರಗಿದೆ. ಆದರೂ ಆ ಕಾರಣಕ್ಕೆ ಗಂಡಸರಿಗೆ ಯಾರೂ ಜಿಗಿತ ಬೇಡ ಎನ್ನಲಿಲ್ಲ.

ಹಾಗಾದರೆ ಜಾರುವುದು ಯಾವಾಗ? ಹೆರಿಗೆ ಮೇಲೆ ಹೆರಿಗೆಯಾದಾಗ, ನೋವು ತುಂಬಾ ಹೊತ್ತು ಎಳೆದಾಗ, ಬಾಣಂತನ ಮುಗಿಯುವ ಮೊದಲೇ ಭಾರ ಹೊತ್ತಾಗ. ವರ್ಷಗಟ್ಟಲೆ ಬಿಡದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲೆ ಸಡಿಲವಾಗುವ ಸ್ನಾಯುಗಳೂ ಇದಕ್ಕೆ ಸೇರುತ್ತವೆ.

ಇದನ್ನು ಹೇಳುತ್ತಿದ್ದಂತೆ ಅಜ್ಜಿ ತಲೆ ತಗ್ಗಿಸಿದರು. ಮೊಮ್ಮಗಳನ್ನು ಹೊರಗೆ ಕಳಿಸಿ, "ನಂದೇ ಜಾರಿದೆ ಡಾಕ್ಟ್ರಮ್ಮ. ಯಾರ ಹತ್ರನೂ ಹೇಳಿಲ್ಲ" ಎಂದರು. ಐದು ಹೆರಿಗೆ. ಕೊನೆಯ ಹೆರಿಗೆಯಾಗಿ ಒಂದು ತಿಂಗಳು ಕಳೆಯುವ ಮೊದಲೇ ತೋಟಕ್ಕೆ ಕಾಫಿ ಕುಯ್ಲಿಗೆ ಹೋಗಿ ಹಣ್ಣಿನ ಮೂಟೆ ಹೊತ್ತಿದ್ದರು. ಆಗ ಬೇಡ ಅಂದವರು ಒಬ್ಬರೂ ಇರಲಿಲ್ಲ. ಹೆಣ್ಣು ಮೂಟೆ ಹೊರುವಾಗ ಯಾರಿಗೂ ನೆನಪಾಗದ ಗರ್ಭಕೋಶ ಅವಳು ಮೈದಾನಕ್ಕೆ ಇಳಿದಾಗ ಎಲ್ಲರಿಗೂ ನೆನಪಾಗುತ್ತದೆ. ಇದು ನನಗೆ ಸಿಟ್ಟು ತರಿಸುತ್ತದೆ. ಅಜ್ಜಿಯ ಭಯ ಸುಳ್ಳಲ್ಲ, ಅವರು ತಮ್ಮ ಮೈಯಿಂದಲೇ ಕಲಿತದ್ದು. ಆದರೆ ದೋಷ ಮೂಟೆಯದು, ಜಿಗಿತದ್ದಲ್ಲ. ಅವರಿಗೆ ಆ ದಿನವೇ ಗರ್ಭಕೋಶವನ್ನು ಎತ್ತಿ ಹಿಡಿಯುವ ರಿಂಗ್ ಹಾಕಿ ಕಳಿಸಿದೆ. ಇಂಥ ತೊಂದರೆ ಮುಚ್ಚಿಟ್ಟುಕೊಂಡ ಅಮ್ಮಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ತೋರಿಸಿಕೊಳ್ಳಿ. ವ್ಯಾಯಾಮ, ರಿಂಗ್, ಆಪರೇಷನ್ ಎಲ್ಲ ಇದೆ.

ಮತ್ತೆ ಸ್ಕೀ ಜಂಪಿಂಗ್‌ಗೆ ಬರುತ್ತೇನೆ. ಅಲ್ಲಿ ಇಳಿಯುವುದು ಸಪಾಟು ನೆಲಕ್ಕಲ್ಲ, ಕಡಿದಾದ ಇಳಿಜಾರಿಗೆ. ದೇಹ ಇಳಿಜಾರಿನ ಜೊತೆಗೇ ಮುಂದೆ ಸಾಗುವುದರಿಂದ ಪೆಟ್ಟು ತುಂಬಾ ಕಡಿಮೆಯಾಗುತ್ತದೆ. ಎರಡು ಮೀಟರ್ ಲೆಕ್ಕವನ್ನೇ ಒಪ್ಪಿದರೂ, ಆ ಪೆಟ್ಟು ಬೀಳುವುದು ಮಂಡಿಗೆ ಮತ್ತು ಬೆನ್ನಿಗೆ. ಮಂಡಿ, ಬೆನ್ನು ಗಂಡಸರಿಗೂ ಇವೆ ಅಲ್ವಾ?

2010ರ ವ್ಯಾಂಕೂವರ್ ಕೂಟದಲ್ಲಿ ಜಾಗ ಕೊಡಿ ಎಂದು ಜಿಗಿತಗಾರ್ತಿಯರು ಕೆನಡಾದ ಕೋರ್ಟಿಗೆ ಹೋದರು. 2009ರಲ್ಲಿ ನ್ಯಾಯಾಧೀಶೆ ಇದು ತಾರತಮ್ಯವೇ ಎಂದು ಒಪ್ಪಿದರು. ಆದರೆ ತೀರ್ಮಾನ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯದು, ಅದು ತಮ್ಮ ಕೈಯಲ್ಲಿಲ್ಲ ಎಂದರು. ಅದೇ ವರ್ಷ ಹೆಂಗಸರ ಮೊದಲ ವಿಶ್ವ ಚಾಂಪಿಯನ್ ಆದ ಲಿಂಡ್ಸೆ ವ್ಯಾನ್‌ಗೆ ವ್ಯಾಂಕೂವರ್‌ನಲ್ಲಿ ಹಾರುವ ಅವಕಾಶ ಸಿಗಲಿಲ್ಲ. ಹೆಂಗಸರಿಗೆ ಬೇಡ ಅಂದಿದ್ದ ಇದೇ ಆಟದಲ್ಲಿ 2025ರ ಮಾರ್ಚ್‌ನಲ್ಲಿ ಸ್ಲೊವೇನಿಯಾದ ನಿಕಾ ಪ್ರೆವ್ಟ್ಸ್ ನಾರ್ವೆಯ ವಿಕರ್‌ಸುಂಡ್‌ನಲ್ಲಿ 236 ಮೀಟರ್ ಹಾರಿದರು.

ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹಾರುವ, ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಪಟ್ಟಿ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡರಷ್ಟಕ್ಕಿಂತಲೂ ಜಾಸ್ತಿ. ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಒಂದು ಮುಖ್ಯ ಕಾರಣ. ಸರಿಯಾಗಿ ಇಳಿಯುವುದನ್ನು, ತೊಡೆ ಮತ್ತು ಸೊಂಟ ಗಟ್ಟಿ ಮಾಡುವುದನ್ನು ಕಲಿಸಿದರೆ ಈ ಗಾಯ ಅರ್ಧದಷ್ಟು ಇಳಿಯುತ್ತದೆ. ನಮ್ಮ ಪಿ.ಟಿ. ಮೇಷ್ಟ್ರುಗಳಿಗೆ ನನ್ನ ಕೋರಿಕೆ ಇದೇ: ಅಭ್ಯಾಸಕ್ಕೆ ಮೊದಲು ಹದಿನೈದು ನಿಮಿಷ ಇದಕ್ಕೆ ಕೊಡಿ.

ಹೊಟ್ಟೆಗೆ ಕಡಿಮೆ ತಿಂದು ಜಾಸ್ತಿ ಅಭ್ಯಾಸ ಮಾಡಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. ಹಾರುವಾಗ ಮೂತ್ರ ಹನಿಯುವುದು ಆಟಗಾರ್ತಿಯರಲ್ಲಿ ಮಾಮೂಲು. ಅದಕ್ಕೂ ವ್ಯಾಯಾಮವಿದೆ, ನಾಚಿಕೊಂಡು ಆಟ ಬಿಡಬೇಡಿ.

ಈಗ ನೆಪ ಬದಲಾಗಿದೆ. ಸ್ಕೀ ಜಂಪಿಂಗ್ ಮತ್ತು ಹಿಮದ ಮೇಲಿನ ಓಟ ಎರಡೂ ಸೇರಿದ ನಾರ್ಡಿಕ್ ಕಂಬೈನ್ಡ್ 2026ರ ಕೂಟದಲ್ಲೂ ಗಂಡಸರಿಗೆ ಮಾತ್ರ. ಆಡುವ ದೇಶಗಳು ಕಡಿಮೆ, ನೋಡುವವರೂ ಕಡಿಮೆ ಎಂದು 2022ರಲ್ಲಿ ಒಲಿಂಪಿಕ್ ಸಮಿತಿ ಹೆಂಗಸರನ್ನು ಸೇರಿಸಲಿಲ್ಲ. ಅಂಗಳಕ್ಕೇ ಬಿಡದೆ ಆಡುವವರು ಕಡಿಮೆ ಅಂದರೆ ಹೇಗೆ? ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮವೇ ಇಲ್ಲದ ಊರಿಂದ ಹೋಗಿ ಅದೇ ಹಿಮದ ಓಟವಾದ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತಕ್ಕಾಗಿ ಓಡಿದ್ದಾರೆ. ಆ ಓಟದಲ್ಲಿ ಹೆಂಗಸರಿಗೆ 1952ರಿಂದಲೇ ಜಾಗ ಇತ್ತು.

ಆ ದಿನ ಹುಡುಗಿಯನ್ನು ಮತ್ತೆ ಒಳಗೆ ಕರೆದು, ಪರೀಕ್ಷೆಯ ಮೇಜಿನ ಪಕ್ಕದ ಮೆಟ್ಟಿಲಿನ ಮೇಲೆ ನಿಲ್ಲಿಸಿ ಕೆಳಕ್ಕೆ ಹಾರಲು ಹೇಳಿದೆ. ಮೊದಲ ಸಲ ಎರಡೂ ಮಂಡಿ ಒಳಕ್ಕೆ ವಾಲಿದವು. "ಮಂಡಿ ಬೆರಳಿನ ನೇರಕ್ಕೆ ಬರಲಿ ಪುಟ್ಟಿ" ಎಂದೆ. ನಾಲ್ಕನೇ ಸಲಕ್ಕೆ ಸರಿಯಾಯಿತು. ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಅವಳ ಮಂಡಿಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಹಾರು" ಎಂದರು.