ಸಿಟಿ (CITI) ಸರ್ಟಿಫಿಕೇಟ್ ಒಂದಿದ್ದರೆ ಸಾಕೇ? ಅಮೆರಿಕದ ಫೆಡರಲ್ ಗ್ರಾಂಟ್‌ನಲ್ಲಿರುವ ವಿದ್ಯಾರ್ಥಿಗಳ ನೈತಿಕತೆ ತರಬೇತಿ

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಿ ಒಂದು ಸೆಮಿಸ್ಟರ್ ಮುಗಿಯಿತು. ಈ ಸಲ ಟಿಎ (ಬೋಧನಾ ಸಹಾಯಕ ಕೆಲಸ) ಬದಲು ಆರ್‌ಎ (ಸಂಶೋಧನಾ ಸಹಾಯಕ ಕೆಲಸ) ಸಿಕ್ಕಿದೆ, ಸಂಬಳ ನಮ್ಮ ಅಡ್ವೈಸರ್ ಅವರ ಎನ್‌ಎಸ್‌ಎಫ್ (ನ್ಯಾಷನಲ್ ಸೈನ್ಸ್ ಫೌಂಡೇಶನ್) ಗ್ರಾಂಟ್‌ನಿಂದ. ಆರ್‌ಸಿಆರ್ (ರೆಸ್ಪಾನ್ಸಿಬಲ್ ಕಂಡಕ್ಟ್ ಆಫ್ ರಿಸರ್ಚ್, ಅಂದರೆ ಸಂಶೋಧನೆಯಲ್ಲಿ ಜವಾಬ್ದಾರಿಯುತ ನಡತೆ) ತರಬೇತಿ ಮುಗಿಸಿ ಎಂದು ಇಮೇಲ್ ಬಂದಿದೆ. ಇಂಡಿಯಾದಲ್ಲಿ ಇದ್ದಾಗಲೇ ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಪಾಸ್ ಮಾಡಿದ್ದೆ. ಇಲ್ಲಿಗೆ ಬಂದ ಮೇಲೆ ಸಿಟಿ ಪ್ರೋಗ್ರಾಂ ಎಂಬ ತರಬೇತಿ ಸಂಸ್ಥೆಯ ಆನ್‌ಲೈನ್ ಕೋರ್ಸ್ ಕೂಡ ಮುಗಿಸಿದ್ದೇನೆ. ಇನ್ನೂ ಏನಾದರೂ ಬಾಕಿ ಇದೆಯೇ?

ಉತ್ತರ ನಿಮ್ಮ ಕೈಲಿರುವ ಸರ್ಟಿಫಿಕೇಟ್‌ನಲ್ಲಿಲ್ಲ, ನಿಮಗೆ ಸಂಬಳ ಬರುವ ಖಾತೆಯಲ್ಲಿದೆ. ಎನ್‌ಎಸ್‌ಎಫ್ ಹಣವಾದರೆ ಸಿಟಿ ಕೋರ್ಸ್ ಒಂದೇ ಸಾಕಾಗಬಹುದು, ಆದರೆ ಅದನ್ನು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಎನ್‌ಐಎಚ್‌ನ (ಆರೋಗ್ಯ ಸಂಶೋಧನೆಗೆ ಹಣ ಕೊಡುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್) ಟ್ರೇನಿಂಗ್ ಗ್ರಾಂಟ್ ಅಥವಾ ಫೆಲೋಶಿಪ್ ಆದರೆ ಸಿಟಿ ಒಂದರಿಂದ ಕೆಲಸ ಆಗುವುದಿಲ್ಲ. ಇಂಡಿಯಾದ ಕೋರ್ಸ್ ಸಾಮಾನ್ಯವಾಗಿ ಎರಡೂ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಇಲಾಖೆಯ ಗ್ರಾಂಟ್ಸ್ ನೋಡಿಕೊಳ್ಳುವವರಿಗೆ ಒಂದು ಸಾಲಿನ ಇಮೇಲ್ ಹಾಕಿ, ನಿಮ್ಮ ನೇಮಕಾತಿ ಯಾವ ಅವಾರ್ಡ್ (ಮಂಜೂರಾದ ಗ್ರಾಂಟ್) ಸಂಖ್ಯೆಯ ಮೇಲಿದೆ ಎಂದು ಕೇಳುವುದು. "ಅಡ್ವೈಸರ್ ಅವರ ಗ್ರಾಂಟ್" ಎಂದಷ್ಟೇ ಗೊತ್ತಿದ್ದರೆ ಸಾಲದು. ಒಬ್ಬ ಪ್ರೊಫೆಸರ್ ಹತ್ತಿರ ಏಕಕಾಲಕ್ಕೆ ಎನ್‌ಎಸ್‌ಎಫ್, ಎನ್‌ಐಎಚ್, ಕೃಷಿ ಇಲಾಖೆ ಮೂರರ ಹಣವೂ ಇರಬಹುದು, ಸೆಮಿಸ್ಟರ್ ಮಧ್ಯೆ ನಿಮ್ಮ ಸಂಬಳ ಒಂದರಿಂದ ಇನ್ನೊಂದಕ್ಕೆ ಸರಿಯಲೂಬಹುದು.

ಎನ್‌ಎಸ್‌ಎಫ್ ಕೇಳುವುದೇನು

2007ರ ಅಮೆರಿಕ ಕಾಂಪೀಟ್ಸ್ ಕಾಯ್ದೆಯ 7009ನೇ ಸೆಕ್ಷನ್ ಇದರ ಮೂಲ. ಅದನ್ನು ಎನ್‌ಎಸ್‌ಎಫ್ ಜಾರಿಗೆ ತಂದದ್ದು 2010ರ ಜನವರಿ 4ರಿಂದ. ಎನ್‌ಎಸ್‌ಎಫ್ ಹಣದಲ್ಲಿ ಸಂಶೋಧನೆ ಮಾಡುವ ಪದವಿ ವಿದ್ಯಾರ್ಥಿ, ಎಂಎಸ್ ಅಥವಾ ಪಿಎಚ್‌ಡಿ ವಿದ್ಯಾರ್ಥಿ, ಪೋಸ್ಟ್‌ಡಾಕ್ ಎಲ್ಲರಿಗೂ ತರಬೇತಿ ಕೊಡಿಸುತ್ತೇವೆ ಎಂದು ವಿಶ್ವವಿದ್ಯಾಲಯ ಪ್ರತಿ ಪ್ರಸ್ತಾವನೆಯ ಜೊತೆ ದೃಢೀಕರಿಸಬೇಕು. 2022ರ ಚಿಪ್ಸ್ ಅಂಡ್ ಸೈನ್ಸ್ ಕಾಯ್ದೆ ಬಂದ ಮೇಲೆ, 2023ರ ಜುಲೈ 31 ಮತ್ತು ಆಮೇಲಿನ ಪ್ರಸ್ತಾವನೆಗಳಲ್ಲಿ ಅಧ್ಯಾಪಕರೂ ಹಿರಿಯ ಸಂಶೋಧಕರೂ ಈ ಪಟ್ಟಿಗೆ ಸೇರಿದ್ದಾರೆ. ಇದು ಬಹಳ ಸರಿಯಾದ ಬದಲಾವಣೆ. ಲ್ಯಾಬ್‌ನಲ್ಲಿ ತಪ್ಪು ಅಭ್ಯಾಸ ಇದ್ದರೆ ಅದನ್ನು ತಿದ್ದುವ ಭಾರವನ್ನು ಅಲ್ಲಿನ ಅತಿ ಕಿರಿಯರ ಮೇಲೆ ಮಾತ್ರ ಹಾಕುವುದು ನ್ಯಾಯವಲ್ಲ.

ಎಷ್ಟು ಗಂಟೆ, ಯಾವ ಕೋರ್ಸ್ ಎಂದು ಎನ್‌ಎಸ್‌ಎಫ್ ಹೇಳುವುದಿಲ್ಲ. ವಿಶ್ವವಿದ್ಯಾಲಯವೇ ಒಂದು ಯೋಜನೆ ಬರೆದಿಟ್ಟುಕೊಳ್ಳಬೇಕು, ಉಸ್ತುವಾರಿಗೆ ಒಬ್ಬರನ್ನು ಗೊತ್ತುಮಾಡಬೇಕು, ಯಾರು ಮುಗಿಸಿದ್ದಾರೆ ಎಂದು ಪರಿಶೀಲಿಸಬೇಕು. ಯೋಜನೆಯನ್ನು ಪ್ರಸ್ತಾವನೆಯ ಜೊತೆ ಕಳಿಸಬೇಕಾಗಿಲ್ಲ, ಆದರೆ ಎನ್‌ಎಸ್‌ಎಫ್ ಕೇಳಿದಾಗ ತೋರಿಸಲೇಬೇಕು. ಈ ಕಾರಣಕ್ಕೇ ಒಂದು ಕ್ಯಾಂಪಸ್‌ನಲ್ಲಿ ನಾಲ್ಕು ಗಂಟೆಯ ಆನ್‌ಲೈನ್ ಕೋರ್ಸ್‌ಗೆ ಮುಗಿಯುವ ಕೆಲಸಕ್ಕೆ ಇನ್ನೊಂದು ಕ್ಯಾಂಪಸ್‌ನಲ್ಲಿ ಒಂದು ಕ್ರೆಡಿಟ್‌ನ ಸೆಮಿನಾರ್ ಬೇಕಾಗುತ್ತದೆ. ಬೇರೆ ಊರಿನಲ್ಲಿ ಓದುವ ಸ್ನೇಹಿತರ ಮಾತು ಕೇಳಿ ನಿರ್ಧರಿಸಬೇಡಿ. ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯ ಪುಟದಲ್ಲಿ ಆರ್‌ಸಿಆರ್ ಯೋಜನೆ ಇರುತ್ತದೆ. ನೇಮಕಾತಿಯಿಂದ ಎಷ್ಟು ದಿನದೊಳಗೆ ಮುಗಿಸಬೇಕು, ಸಿಟಿಯಲ್ಲಿ ನಿರ್ದಿಷ್ಟವಾಗಿ ಯಾವ ಕೋರ್ಸ್, ಅದರ ಜೊತೆಗೆ ತರಗತಿ ಇದೆಯೇ, ಎಷ್ಟು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು, ಇಷ್ಟನ್ನು ಅದರಲ್ಲಿ ಹುಡುಕಿ.

ನಿಮ್ಮಂಥವರು ಎಡವುವುದು ಟಿಎಯಿಂದ ಆರ್‌ಎಗೆ ಬದಲಾಗುವಾಗ. ಟಿಎ ಸಂಬಳ ಇಲಾಖೆಯದು, ಅದಕ್ಕೆ ಈ ನಿಯಮ ತಾಗುವುದಿಲ್ಲ. ಎನ್‌ಎಸ್‌ಎಫ್ ಖಾತೆಯಿಂದ ಸಂಬಳ ಶುರುವಾದ ದಿನದಿಂದ ಗಡುವು ಎಣಿಸಲು ತೊಡಗುವ ಕ್ಯಾಂಪಸ್‌ಗಳಿವೆ. ಇಮೇಲ್ ಮೂಲೆಗೆ ಬಿದ್ದು ಗಡುವು ಮೀರಿದರೆ ಕೆಲವು ಕಡೆ ನಿಮ್ಮ ಸಂಬಳದ ಖರ್ಚನ್ನು ಗ್ರಾಂಟ್‌ನಿಂದ ತೆಗೆದು ಇಲಾಖೆಯ ಖಾತೆಗೆ ಹಾಕುತ್ತಾರೆ, ಕೆಲವು ಕಡೆ ಮುಂದಿನ ಸೆಮಿಸ್ಟರ್‌ನ ನೋಂದಣಿ ತಡೆಯುತ್ತಾರೆ. ಅಸಿಸ್ಟೆಂಟ್‌ಶಿಪ್ ನಂಬಿಕೊಂಡು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಎರಡೂ ತಲೆನೋವೇ.

ಚಿಪ್ಸ್ ಕಾಯ್ದೆಯ ಪ್ರಕಾರ ತರಬೇತಿಯಲ್ಲಿ ಮಾರ್ಗದರ್ಶನದ ವಿಷಯದ ಜೊತೆಗೆ ಸಂಶೋಧನಾ ಭದ್ರತೆ ಮತ್ತು ರಫ್ತು ನಿಯಂತ್ರಣದ ಅರಿವೂ ಇರಬೇಕು. ರಫ್ತು ಎಂದರೆ ಹಡಗಿನಲ್ಲಿ ಸಾಮಾನು ಕಳಿಸುವುದು ಎಂದುಕೊಂಡು ಈ ಭಾಗವನ್ನು ಹಾರಿಸುವವರೇ ಹೆಚ್ಚು. ರಜೆಗೆ ಬೆಂಗಳೂರಿಗೆ ಹೊರಡುವಾಗ ಲ್ಯಾಬ್‌ನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಳ್ಳುವುದೂ ಇದರೊಳಗೆ ಬರಬಹುದು. ಎಲ್ಲ ಲ್ಯಾಪ್‌ಟಾಪ್‌ಗೂ ಅನುಮತಿ ಬೇಕು ಎಂದಲ್ಲ, ಅದರಲ್ಲಿರುವ ಡೇಟಾ ಮತ್ತು ಸಾಫ್ಟ್‌ವೇರ್ ಎಂಥದ್ದು ಎನ್ನುವುದು ಮುಖ್ಯ. ಟಿಕೆಟ್ ಬುಕ್ ಮಾಡಿದ ವಾರವೇ ರಫ್ತು ನಿಯಂತ್ರಣ ಕಚೇರಿಗೆ ಬರೆದು ಕೇಳಿ.

ಎನ್‌ಐಎಚ್‌ನ ಎಂಟು ಗಂಟೆ

ಎನ್‌ಐಎಚ್‌ನ ನಿಯಮ ಇದಕ್ಕಿಂತ ಹಳೆಯದು, ಬಿಗಿಯೂ ಹೌದು. 1989ರಲ್ಲಿ ಟ್ರೇನಿಂಗ್ ಗ್ರಾಂಟ್‌ಗಳಿಗೆಂದು ಶುರುವಾದದ್ದಕ್ಕೆ 2009ರ ನವೆಂಬರ್‌ನ ಪ್ರಕಟಣೆ ಈಗಿನ ರೂಪ ಕೊಟ್ಟಿತು, 2022ರಲ್ಲಿ ವಿಷಯಗಳ ಪಟ್ಟಿ ಪರಿಷ್ಕರಣೆಯಾಯಿತು. ಕನಿಷ್ಠ ಎಂಟು ಗಂಟೆಯ ಬೋಧನೆ ಇರಬೇಕು. ಅದರಲ್ಲಿ ಅಧ್ಯಾಪಕರೇ ಭಾಗವಹಿಸುವ ಚರ್ಚೆಗೆ ದೊಡ್ಡ ಪಾಲು ಸಿಗಬೇಕು. ವೃತ್ತಿಯ ಪ್ರತಿ ಹಂತದಲ್ಲೂ ಒಮ್ಮೆ, ನಾಲ್ಕು ವರ್ಷಕ್ಕೆ ಕಡಿಮೆಯೆಂದರೂ ಒಮ್ಮೆ ಮಾಡಬೇಕು. ವಿಡಿಯೊ ಮೂಲಕ ನೇರ ಚರ್ಚೆ ನಡೆಸಬಹುದು, ಆದರೆ ಸ್ಲೈಡ್ ಒತ್ತುತ್ತಾ ಒಬ್ಬರೇ ಮುಗಿಸುವ ಆನ್‌ಲೈನ್ ಕೋರ್ಸ್ ಮಾತ್ರವೇ ಇದ್ದರೆ ಒಪ್ಪುವುದಿಲ್ಲ.

ಎಂಟು ಗಂಟೆಯ ಲೆಕ್ಕ ತಪ್ಪುವುದು ಸುಲಭ. ಒಂದೂವರೆ ಗಂಟೆಯ ಆರು ತರಗತಿ ಇಟ್ಟರೆ ಒಂಬತ್ತು ಗಂಟೆ. ಕಾನ್ಫರೆನ್ಸ್‌ಗೆ ಹೋಗಿ ಒಂದನ್ನು ತಪ್ಪಿಸಿಕೊಂಡಿರೋ, ಉಳಿಯುವುದು ಏಳೂವರೆ. ಹಾಜರಿ ಹಾಳೆಯಲ್ಲಿ ಇದು ಕಾಣುತ್ತದೆ, ಮುಂದಿನ ಸರಣಿಯಲ್ಲಿ ಅದೇ ವಿಷಯದ ತರಗತಿಗೆ ಕೂರುವ ತನಕ ನಿಮ್ಮದು ಅಪೂರ್ಣ. ಪಿಎಚ್‌ಡಿ ಐದಾರು ವರ್ಷ ಎಳೆದರೆ ಎರಡನೇ ಸುತ್ತೂ ಬೇಕು. ಮೊದಲ ವರ್ಷದ ಕೋರ್ಸ್ ನೆನಪಿಟ್ಟುಕೊಂಡು ಪ್ರಬಂಧ ಬರೆಯುವ ವರ್ಷದಲ್ಲಿ ಇದನ್ನು ಮರೆಯುವವರು ಬಹಳ. ಮೂರನೇ ವರ್ಷ ಮುಗಿಯುವಾಗಲೇ ಹೆಸರು ಕೊಟ್ಟುಬಿಡಿ. ಎಂಟೂ ಗಂಟೆಯನ್ನು ಒಂದೇ ದಿನ ತುಂಬಿಸುವ ಕಾರ್ಯಾಗಾರಕ್ಕಿಂತ ಸೆಮಿಸ್ಟರ್ ಉದ್ದಕ್ಕೂ ಹರಡಿದ ಸರಣಿ ಉತ್ತಮ ಎಂದು ಎನ್‌ಐಎಚ್ ಸ್ವತಃ ಹೇಳಿದೆ.

ಇದು ಯಾರಿಗೆ ಅನ್ವಯಿಸುತ್ತದೆ ಎನ್ನುವಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ದೊಡ್ಡ ಗೊಂದಲ. ಎಂಟು ಗಂಟೆಯ ನಿಯಮ ಇರುವುದು ಟಿ32ರಂಥ ಟ್ರೇನಿಂಗ್ ಗ್ರಾಂಟ್, ಎಫ್31ರಂಥ ಫೆಲೋಶಿಪ್, ಕೆ ಸರಣಿಯ ಕರಿಯರ್ ಅವಾರ್ಡ್, ಆರ್25ರಂಥ ಶಿಕ್ಷಣ ಗ್ರಾಂಟ್‌ಗಳಿಗೆ. ಪ್ರೊಫೆಸರ್‌ಗಳ ಮಾಮೂಲಿ ಸಂಶೋಧನಾ ಗ್ರಾಂಟ್ ಆದ ಆರ್01ನಿಂದ ಸಂಬಳ ಪಡೆಯುವ ಆರ್‌ಎಗೆ ಎನ್‌ಐಎಚ್ ಇದನ್ನು ಕಡ್ಡಾಯ ಮಾಡಿಲ್ಲ. ಟಿ32, ಎಫ್31 ಎರಡೂ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮೀಸಲು, ಎಫ್-1 ವಿದ್ಯಾರ್ಥಿ ಅವುಗಳ ಮೇಲೆ ಇರಲು ಸಾಧ್ಯವೇ ಇಲ್ಲ. ಹಾಗಾಗಿ ಒಂದೇ ಬೆಂಚಿನ ಅಕ್ಕಪಕ್ಕ ಕೂತ ಇಬ್ಬರಲ್ಲಿ ಟಿ32ರವರಿಗೆ ಎಂಟು ಗಂಟೆ ಕಡ್ಡಾಯ, ಆರ್01ನವರಿಗೆ ಕ್ಯಾಂಪಸ್ ಕೇಳಿದಷ್ಟು. ಆದರೆ ಪೋಸ್ಟ್‌ಡಾಕ್ ಆದ ಮೇಲೆ ಕೆ ಸರಣಿಯ ಕೆ99ಗೆ ಅರ್ಜಿ ಹಾಕಲು ಪೌರತ್ವದ ನಿರ್ಬಂಧವಿಲ್ಲ, ಆ ಅರ್ಜಿಯಲ್ಲಿ ಆರ್‌ಸಿಆರ್ ಯೋಜನೆಯ ಪುಟ ಇರಲೇಬೇಕು. ಎನ್‌ಐಎಚ್‌ನ ಅಂತರರಾಷ್ಟ್ರೀಯ ವಿಭಾಗವಾದ ಫೋಗಾರ್ಟಿ ಸೆಂಟರ್‌ನ ಡಿ43 ತರಬೇತಿ ಗ್ರಾಂಟ್ ಮೂಲಕ ಭಾರತದಲ್ಲೇ ತರಬೇತಿ ಪಡೆಯುವವರಿಗೂ ಇದು ತಪ್ಪುವುದಿಲ್ಲ.

ಅರ್ಜಿಯ ಆ ಆರ್‌ಸಿಆರ್ ಪುಟ ಬರೆಯುವವರಿಗೆ ಒಂದು ಮಾತು. ಸ್ವರೂಪ, ವಿಷಯ, ಅಧ್ಯಾಪಕರ ಪಾತ್ರ, ಅವಧಿ, ಎಷ್ಟು ಸಲ ಎಂಬ ಐದಕ್ಕೂ ಬೇರೆಬೇರೆ ಉತ್ತರ ಕೊಡಿ. ಇದಕ್ಕೆ ಪರಿಶೀಲಕರು ಅಂಕ ಕೊಡುವುದಿಲ್ಲ, ಒಪ್ಪಬಹುದು ಅಥವಾ ಒಪ್ಪಲಾಗದು ಎಂದಷ್ಟೇ ಬರೆಯುತ್ತಾರೆ. ಒಪ್ಪಲಾಗದು ಎಂದರೆ ಸರಿಪಡಿಸಿ ಕೊಡುವ ತನಕ ಅವಾರ್ಡ್ ಬಿಡುಗಡೆಯಾಗುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಹಣ ಹಂಚುವ ಸಂಸ್ಥೆ ನಿಫಾದ ಗ್ರಾಂಟ್‌ಗಳಲ್ಲೂ 2013ರಿಂದ ಈ ಷರತ್ತಿದೆ. ಅಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲದೆ ಸಂಶೋಧನೆಯಲ್ಲಿ ಕೈಜೋಡಿಸುವ ಸಿಬ್ಬಂದಿಗೂ ತರಬೇತಿ ಬೇಕು.

ಸಿಟಿಯಲ್ಲಿ ಆಗುವ ಎಡವಟ್ಟುಗಳು

ಲಾಗಿನ್ ಆಗುವುದರಿಂದಲೇ ತೊಂದರೆ ಶುರು. ವಿಶ್ವವಿದ್ಯಾಲಯದ ಹೆಸರು ಆರಿಸದೆ, ಜಿಮೇಲ್ ವಿಳಾಸ ಕೊಟ್ಟು ಸ್ವತಂತ್ರವಾಗಿ ನೋಂದಾಯಿಸಿಕೊಂಡರೆ ಕೋರ್ಸ್‌ಗೆ ದುಡ್ಡೂ ಕೇಳುತ್ತದೆ, ಮುಗಿಸಿದ ದಾಖಲೆ ಕ್ಯಾಂಪಸ್‌ಗೆ ತಲುಪುವುದೂ ಇಲ್ಲ. ವಿಶ್ವವಿದ್ಯಾಲಯದ ಲಾಗಿನ್ ಮೂಲಕವೇ ಒಳಗೆ ಹೋಗಿ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷವಾಗಿ ಕಾಡುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬೀಳುತ್ತದೆ. ಪೇರೋಲ್‌ನಲ್ಲಿ ಆ ಹೆಸರು, ಸಿಟಿಯಲ್ಲಿ ಊರಿನ ಮತ್ತು ತಂದೆಯ ಇನಿಷಿಯಲ್ ಸೇರಿಸಿದ ಹೆಸರು ಇದ್ದರೆ ಎರಡೂ ಒಬ್ಬರವೇ ಎಂದು ಕಂಪ್ಯೂಟರ್‌ಗೆ ತಿಳಿಯುವುದಿಲ್ಲ. ಪೇರೋಲ್‌ನಲ್ಲಿ ಹೇಗಿದೆಯೋ ಹಾಗೇ ಸಿಟಿಯಲ್ಲೂ ಹಾಕಿ, ವಿಶ್ವವಿದ್ಯಾಲಯದ ಐಡಿ ಸಂಖ್ಯೆ ತುಂಬುವ ಜಾಗವಿದ್ದರೆ ಖಾಲಿ ಬಿಡಬೇಡಿ.

ಇನ್ನು ತಪ್ಪು ಕೋರ್ಸ್. ಸಿಟಿಯಲ್ಲಿ ಮನುಷ್ಯರ ಮೇಲಿನ ಸಂಶೋಧನೆ (ಹ್ಯೂಮನ್ ಸಬ್ಜೆಕ್ಟ್ಸ್), ಪ್ರಾಣಿಗಳ ಬಳಕೆ, ಹಿತಾಸಕ್ತಿ ಸಂಘರ್ಷ, ಆರ್‌ಸಿಆರ್ ಎಲ್ಲವೂ ಬೇರೆಬೇರೆ. ಜನರ ಸಂದರ್ಶನ, ಸಮೀಕ್ಷೆ ಮಾಡುವವರಿಗೆ ಐಆರ್‌ಬಿ (ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆ ಸಮಿತಿ) ಅನುಮತಿಗೆ ಮುಂಚೆ ಬೇಕಾಗುವ ಹ್ಯೂಮನ್ ಸಬ್ಜೆಕ್ಟ್ಸ್ ಕೋರ್ಸ್ ಆರ್‌ಸಿಆರ್‌ಗೆ ಬದಲಿಯಲ್ಲ, ಆರ್‌ಸಿಆರ್ ಅದಕ್ಕೆ ಬದಲಿಯಲ್ಲ. ನಿಮ್ಮ ಸರ್ಟಿಫಿಕೇಟ್ ತೆರೆದು ಕೋರ್ಸ್‌ನ ಹೆಸರನ್ನು ಓದಿ. ಅಲ್ಲಿ ರೆಸ್ಪಾನ್ಸಿಬಲ್ ಕಂಡಕ್ಟ್ ಆಫ್ ರಿಸರ್ಚ್ ಎಂಬ ಮಾತು ಇಲ್ಲದಿದ್ದರೆ ಮತ್ತೆ ಶುರು ಮಾಡಬೇಕು.

ಪಾಸಾಗಲು ಸಾಮಾನ್ಯವಾಗಿ ಒಟ್ಟು ಸರಾಸರಿ ಶೇ. 80 ಬೇಕು. ಕ್ವಿಜ್‌ಗೆ ಐದು ಪ್ರಶ್ನೆ ಇದ್ದರೆ ಒಂದು ತಪ್ಪಿದಾಗ 80, ಎರಡು ತಪ್ಪಿದಾಗ 60. ಕ್ವಿಜ್ ಮತ್ತೆ ತೆಗೆದುಕೊಳ್ಳಬಹುದು.

ಇಂಡಿಯಾದ ಕೋರ್ಸ್ ಏಕೆ ಒಪ್ಪುವುದಿಲ್ಲ

ಯುಜಿಸಿ 2019ರಲ್ಲಿ ತಂದ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಎರಡು ಕ್ರೆಡಿಟ್, 30 ಗಂಟೆ, ಆರು ಘಟಕಗಳ ಕೋರ್ಸ್. ಗಂಟೆಯ ಲೆಕ್ಕದಲ್ಲಿ ಎನ್‌ಐಎಚ್ ಕೇಳುವುದಕ್ಕಿಂತ ಬಹಳ ಹೆಚ್ಚು. ಆದರೆ ಅದರ ಒತ್ತು ಪ್ರಕಟಣೆಯ ನೈತಿಕತೆ, ಓಪನ್ ಆಕ್ಸೆಸ್, ಸೈಟೇಶನ್ ಡೇಟಾಬೇಸ್‌ಗಳ ಮೇಲೆ. ಅಮೆರಿಕದ ಫೆಡರಲ್ ನಿಯಮ, ರಫ್ತು ನಿಯಂತ್ರಣ, ನಿಮ್ಮ ಕ್ಯಾಂಪಸ್‌ನಲ್ಲಿ ದೂರು ಕೊಡುವ ದಾರಿ ಅದರಲ್ಲಿಲ್ಲ. ಎನ್‌ಎಸ್‌ಎಫ್ ಮುಂದೆ ದೃಢೀಕರಣ ಕೊಡುವುದು ನಿಮ್ಮ ಈಗಿನ ವಿಶ್ವವಿದ್ಯಾಲಯವಾದ್ದರಿಂದ ತನ್ನ ಯೋಜನೆಯಲ್ಲಿ ಇರುವ ಕೋರ್ಸ್ ಅನ್ನೇ ಅದು ಕೇಳುತ್ತದೆ. ವಿನಾಯಿತಿ ಕೇಳಿ ವಾರಗಟ್ಟಲೆ ಪತ್ರ ಬರೆಯುವ ಬದಲು ಕೋರ್ಸ್ ಮಾಡುವುದು ಬೇಗ.

ತರಗತಿಯಲ್ಲೇ ಕಲಿಯಬೇಕಾದದ್ದೂ ಇದೆ. ಪ್ರೋಟೀನ್ ಪರೀಕ್ಷೆಯ ಜೆಲ್ ಚಿತ್ರವೊಂದರಲ್ಲಿ ಆರು ಲೇನ್‌ಗಳಿವೆ (ಒಂದೊಂದು ಮಾದರಿಗೆ ಒಂದೊಂದು ಸಾಲು) ಎನ್ನಿ. 3 ಮತ್ತು 4ನೇ ಲೇನ್ ಈ ಪ್ರಬಂಧಕ್ಕೆ ಸಂಬಂಧಿಸಿದ್ದಲ್ಲ ಎಂದು ಕತ್ತರಿಸಿ, 2 ಮತ್ತು 5ನ್ನು ಅಂಟಿಸಿ ಒಂದೇ ಜೆಲ್‌ನಂತೆ ತೋರಿಸಿದರೆ, ಚಿತ್ರ ಚೊಕ್ಕಟ ಮಾಡಿದೆ ಎಂದು ನೀವು ತಿಳಿದಿರಬಹುದು. ಫೆಡರಲ್ ವ್ಯಾಖ್ಯೆಯಲ್ಲಿ ಫಾಲ್ಸಿಫಿಕೇಶನ್ ಎಂದರೆ ದಾಖಲೆಯಲ್ಲಿ ಸಂಶೋಧನೆ ಸರಿಯಾಗಿ ಕಾಣದಂತೆ ಡೇಟಾ ಬದಲಿಸುವುದು ಅಥವಾ ಬಿಡುವುದು. ಕತ್ತರಿಸಿದ ಜಾಗದಲ್ಲಿ ಗೆರೆ ಎಳೆದು, ಅಡಿಬರಹದಲ್ಲಿ ಹೇಳಿ, ಮೂಲ ಚಿತ್ರದ ಫೈಲ್ ಮುಟ್ಟದೆ ಇಟ್ಟುಕೊಂಡರೆ ಅದೇ ಕೆಲಸ ಒಪ್ಪುವಂಥದ್ದಾಗುತ್ತದೆ. ಹೊಳಪು ಹೆಚ್ಚಿಸುವುದಾದರೆ ಇಡೀ ಚಿತ್ರಕ್ಕೆ ಸಮನಾಗಿ ಹೆಚ್ಚಿಸಬೇಕು, ಒಂದು ಬ್ಯಾಂಡ್‌ಗೆ ಮಾತ್ರ ಅಲ್ಲ. ಐದು ಪ್ರಶ್ನೆಯ ಕ್ವಿಜ್‌ನಲ್ಲಿ ಇದು ಬರಬಹುದು, ಬಾರದಿರಬಹುದು. ನಿಮ್ಮದೇ ಚಿತ್ರ ಪರದೆಯ ಮೇಲಿಟ್ಟು ಅಧ್ಯಾಪಕರನ್ನು ಕೇಳಿದರೆ ಮಾತ್ರ ಕೈಗೆ ಹತ್ತುತ್ತದೆ. ಅದಕ್ಕೇ ನಿಮ್ಮ ಗ್ರಾಂಟ್ ಕೇಳದಿದ್ದರೂ ಸೆಮಿನಾರ್‌ಗೆ ಹೋಗಿ ಎಂದು ನಾವು ಒತ್ತಾಯಿಸುತ್ತೇವೆ. ಟಿ32ರವರಿಗೆಂದು ನಡೆಸುವ ತರಗತಿಗೆ ಬೇರೆಯವರು ಬರಬಹುದೇ ಎಂದು ಸಂಯೋಜಕರನ್ನು ಕೇಳಿ ನೋಡಿ, ಜಾಗವಿದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ.

ಮುಗಿಸಿದ ದಿನವೇ ಸಿಟಿಯಿಂದ ಸರ್ಟಿಫಿಕೇಟ್ ಜೊತೆಗೆ ಕಂಪ್ಲೀಶನ್ ರಿಪೋರ್ಟ್ ಕೂಡ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಅದರ ಮೊದಲ ಭಾಗದಲ್ಲಿ ಕೋರ್ಸ್ ಪೂರ್ಣಗೊಂಡಾಗಿನ ಅಂಕ, ಎರಡನೆಯದರಲ್ಲಿ ಈಚಿನ ಪ್ರಯತ್ನಗಳ ಅಂಕ, ರೆಕಾರ್ಡ್ ಸಂಖ್ಯೆ ಎಲ್ಲ ಇರುತ್ತವೆ. ತರಗತಿಗಳಾದರೆ ದಿನಾಂಕ, ವಿಷಯ, ಗಂಟೆ, ನಡೆಸಿದ ಅಧ್ಯಾಪಕರ ಹೆಸರು ಬರೆದಿಡಿ, ಎನ್‌ಐಎಚ್‌ನ ವಾರ್ಷಿಕ ಪ್ರಗತಿ ವರದಿಗೆ ಇಂಥ ವಿವರವನ್ನೇ ಕೇಳುತ್ತಾರೆ. ಇವನ್ನು ವಿಶ್ವವಿದ್ಯಾಲಯದ ಡ್ರೈವ್‌ನಲ್ಲಿ ಮಾತ್ರ ಇಡಬೇಡಿ. ಪದವಿ ಮುಗಿದ ಮೇಲೆ ಆ ಖಾತೆ ಮುಚ್ಚಿಹೋಗಬಹುದು, ಮುಂದಿನ ಪೋಸ್ಟ್‌ಡಾಕ್ ಸಂಸ್ಥೆ ಕೇಳುವುದು ಆಗಲೇ.