ಸೋತದ್ದು ಫಿಲ್ಮೋ, ಸ್ಕ್ಯಾನರೋ?

ಲ್ಯಾಬಿನಿಂದ ಬಂದ ಜೆಪೆಗ್ ಫೈಲನ್ನು ಡಿಜಿಟಲ್ ಫೈಲಿನ ಪಕ್ಕ ಇಟ್ಟು ‘ಫಿಲ್ಮ್‌ನಲ್ಲಿ ವಿವರ ಕಡಿಮೆ’ ಎನ್ನುವವರು ಫಿಲ್ಮನ್ನು ನೋಡಿಯೇ ಇರುವುದಿಲ್ಲ, ನೋಡಿದ್ದು ಸ್ಕ್ಯಾನನ್ನು. ಆ ಫೈಲು 2000×3000 ಪಿಕ್ಸೆಲ್ ಇದ್ದರೆ, 36 ಮಿ.ಮೀ. ಉದ್ದದ ನೆಗೆಟಿವ್‌ನಿಂದ ಇಂಚಿಗೆ ಸುಮಾರು 2100 ಚುಕ್ಕಿಯಷ್ಟೇ ಎತ್ತಿದ್ದಾರೆ ಎಂದರ್ಥ. ಡಿಜಿಟಲ್ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಎದುರು ಸ್ಕ್ಯಾನಿನ 6 ಮೆಗಾಪಿಕ್ಸೆಲ್.

ನ್ಯಾಯವಾಗಿ ಹೋಲಿಸಬೇಕೆಂದರೆ ಲೆನ್ಸ್ ಒಂದೇ ಇರಬೇಕು. ನಿಕಾನ್‌ನ ಫಿಲ್ಮ್ ಕ್ಯಾಮೆರಾ ಎಫ್‌ಎಂ2 ಮತ್ತು ಡಿಜಿಟಲ್ ಕ್ಯಾಮೆರಾ ಡಿ750 ಜೋಡಿಗೆ 50 ಮಿ.ಮೀ. ಎಫ್/1.8ಡಿ ಲೆನ್ಸ್ ಸರಿಹೋಗುತ್ತದೆ. ‘ಜಿ’ ಲೆನ್ಸ್ ಬೇಡ, ಅದಕ್ಕೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ತಿರುಗಿಸುವ ರಿಂಗೇ ಇಲ್ಲ, ಎಫ್‌ಎಂ2ಗೆ ಅದು ಬೇಕೇ ಬೇಕು. ‘ಡಿ’ ಲೆನ್ಸಿನಲ್ಲೂ ಎಡವುವ ಜಾಗ ಒಂದಿದೆ: ಡಿ750ಯಲ್ಲಿ ರಿಂಗನ್ನು 22ಕ್ಕೆ ಲಾಕ್ ಮಾಡಿರುತ್ತೇವೆ, ಎಫ್‌ಎಂ2ಗೆ ಹಾಕಿದಾಗ ಅದನ್ನು 8ಕ್ಕೆ ತಿರುಗಿಸಲು ಮರೆಯುತ್ತೇವೆ. ಎಫ್/22ರ ಡಿಫ್ರ್ಯಾಕ್ಷನ್ (ತೀರಾ ಸಣ್ಣ ಕಿಂಡಿಯಲ್ಲಿ ಬೆಳಕು ಚದುರುವುದು) ಚಿತ್ರವನ್ನು ಮಸುಕಾಗಿಸುತ್ತದೆ, ಬೈಗುಳ ಫಿಲ್ಮಿಗೆ. ಗಟ್ಟಿ ಟ್ರೈಪಾಡ್ ಬೇಕು. ಎಫ್‌ಎಂ2ರಲ್ಲಿ ಸೆಲ್ಫ್‌ಟೈಮರ್ ಬಳಸಿ, ಕ್ಯಾಮೆರಾದೊಳಗಿನ ಕನ್ನಡಿ ಮೊದಲೇ ಮೇಲೇಳುವುದರಿಂದ ಅದರ ಅದುರು ಅಷ್ಟರಲ್ಲಿ ಅಡಗಿರುತ್ತದೆ. ಡಿ750ಯಲ್ಲಿ ಮಿರರ್‌ ಅಪ್ ಇದೆ.

ಟೆಸ್ಟ್ ಚಾರ್ಟ್ ಕೊಳ್ಳಬೇಕಿಲ್ಲ. ಕನ್ನಡ ದಿನಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ ತೆಗೆಯಿರಿ. ಒತ್ತಕ್ಷರಗಳಿಗಿಂತ ಕಠಿಣ ಪರೀಕ್ಷಕರಿಲ್ಲ. ಕಾಗದದಲ್ಲಿ 1 ಮಿ.ಮೀ. ಎತ್ತರದ ಒತ್ತು ಫಿಲ್ಮಿನ ಮೇಲೆ ಸುಮಾರು 26 ಮೈಕ್ರಾನ್ ಆಗಿ ಬೀಳುತ್ತದೆ. ಡಿ750ಯ ಒಂದು ಪಿಕ್ಸೆಲ್ 6 ಮೈಕ್ರಾನ್, ಅಂದರೆ ಒತ್ತಿಗೆ ನಾಲ್ಕು ಪಿಕ್ಸೆಲ್ ಸಿಕ್ಕಿತು. 4000 ಡಿಪಿಐ (ಇಂಚಿಗೆ 4000 ಚುಕ್ಕಿ) ಸ್ಕ್ಯಾನಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 2400ರಲ್ಲಿ ಎರಡೂವರೆ, ‘ಕ್ಕ’ ಯಾವುದು, ‘ಕ್ತ’ ಯಾವುದು ಎಂದು ಊಹಿಸಿಯೇ ಓದಬೇಕು. ಡಬ್ಬದ ಮೇಲೆ 6400 ಎಂದಿರುವ ಫ್ಲ್ಯಾಟ್‌ಬೆಡ್ (ಗಾಜಿನ ಹಲಗೆಯ) ಸ್ಕ್ಯಾನರುಗಳು ನಿಜಕ್ಕೂ ಬಿಡಿಸಿ ತೋರಿಸುವುದು ಹೆಚ್ಚಾಗಿ 2400ರ ಆಸುಪಾಸಿನಲ್ಲೇ.

ಇದಕ್ಕೆ ಅಗ್ಗದ ದಾರಿ, ಅದೇ ಡಿ750ಯಿಂದ ನೆಗೆಟಿವ್‌ನ ಫೋಟೊ ತೆಗೆಯುವುದು. 1:1 ಮ್ಯಾಕ್ರೊ ಲೆನ್ಸ್ (ವಸ್ತುವನ್ನು ಸೆನ್ಸರಿನ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡಿಸುವುದು), ಸಿಆರ್‌ಐ (ಬಣ್ಣ ನಿಜವಾಗಿ ತೋರಿಸುವ ಅಳತೆ) 95ಕ್ಕಿಂತ ಮೇಲಿನ ಎಲ್‌ಇಡಿ ಫಲಕ, ಎಫ್/5.6ರ ಸುತ್ತ ಅಪರ್ಚರ್, ಫೈಲು ರಾ (ಸೆನ್ಸರಿನ ಕಚ್ಚಾ ಮಾಹಿತಿ). ಫಿಲ್ಮ್ ಇಡುವ ಜಾಗದಲ್ಲಿ ಮೊದಲು ಸಣ್ಣ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಕ್ಯಾಮೆರಾ ನೆಟ್ಟಗಿದೆ. ನೆಗೆಟಿವ್ ಬಾಗಿದ್ದರೆ ನಡು ಚೂಪಾಗಿ, ಮೂಲೆಗಳು ಮಸುಕಾಗಿ ಬರುತ್ತವೆ. ಆ ಮೂಲೆಗಳ ದೋಷ ಫಿಲ್ಮಿನದೂ ಅಲ್ಲ, 50 ಮಿ.ಮೀ. ಲೆನ್ಸಿನದೂ ಅಲ್ಲ. ಹತ್ತು ಪಟ್ಟಿನ ಲೂಪ್ (ಭೂತಗನ್ನಡಿ) ಹಿಡಿದು ನೆಗೆಟಿವ್‌ನ ಮೂಲೆ ನೋಡಿದರೆ ಅನುಮಾನ ತೀರುತ್ತದೆ.

ಎರಡಕ್ಕೂ ಒಂದೇ ಎಕ್ಸ್‌ಪೋಶರ್ ಕೊಡುವುದು ನ್ಯಾಯದಂತೆ ಕಾಣುತ್ತದೆ, ಅಷ್ಟೇ. ಎಕ್ಟಾರ್ 100ನಂಥ ಬಣ್ಣದ ನೆಗೆಟಿವ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಾದರೂ ಸಹಿಸುತ್ತದೆ, ಒಂದು ಕಡಿಮೆಯಾದರೆ ನೆರಳು ಮಣ್ಣುಮಣ್ಣು. ಸೆನ್ಸರ್ ತದ್ವಿರುದ್ಧ: ಕತ್ತಲಿನಿಂದ ಬಹಳಷ್ಟು ಎತ್ತಿಕೊಳ್ಳಬಹುದು, ಆದರೆ ತುಂಬಿ ಹೋದ ಬಿಳಿ ವಾಪಸು ಬಾರದು. ಹಾಗಾಗಿ ಎರಡರಲ್ಲೂ −2ರಿಂದ +2 ಸ್ಟಾಪ್‌ವರೆಗೆ ಐದೈದು ಫ್ರೇಮ್ ತೆಗೆದು, ಆಯಾ ಮಾಧ್ಯಮದ ಒಳ್ಳೆಯ ಫ್ರೇಮನ್ನೇ ಆರಿಸಿ. ಬಣ್ಣದ ಬಗ್ಗೆ ಜಗಳ ವ್ಯರ್ಥ. ‘ಫಿಲ್ಮ್ ಬಣ್ಣ’ ಎಂದು ಮೆಚ್ಚುವುದರಲ್ಲಿ ದೊಡ್ಡ ಪಾಲು, ನೆಗೆಟಿವ್‌ನ ಕಿತ್ತಳೆ ಮಾಸ್ಕನ್ನು (ಫಿಲ್ಮಿನಲ್ಲೇ ಇರುವ ಕಿತ್ತಳೆ ಛಾಯೆ) ಕಳೆದು ಬಣ್ಣ ತಿರುಗಿಸಿದ ಸಾಫ್ಟ್‌ವೇರ್ ಮತ್ತು ಲ್ಯಾಬ್ ಆಪರೇಟರದು.

ಕೊನೆಗೆ ಎರಡನ್ನೂ 12×18 ಇಂಚಿಗೆ ಪ್ರಿಂಟ್ ಹಾಕಿಸಿ. ಪರದೆಯಲ್ಲಿ ನೂರು ಪ್ರತಿಶತ ಹಿಗ್ಗಿಸಿ ನೋಡುವುದು ಬೇಡ. ನನ್ನ ಲೆಕ್ಕದಲ್ಲಿ ಐಎಸ್‌ಒ 100ರಲ್ಲಿ ಸೂಕ್ಷ್ಮ ವಿವರ ಮತ್ತು ಕಲೆಯಿಲ್ಲದ ಆಕಾಶ ಎರಡರಲ್ಲೂ ಡಿಜಿಟಲ್ ಮುಂದು. ಬಿಸಿಲಿಗೆ ಒಡ್ಡಿದ ಬಿಳಿ ಪಂಚೆಯ ಮಡಿಕೆಗಳು ಮೆಲ್ಲಗೆ ಬಿಳಿಗೆ ಸರಿಯುವುದು ನೆಗೆಟಿವ್‌ನಲ್ಲೇ ಚೆಂದ.

ಈ ಮಾತು 35 ಮಿ.ಮೀ. ಫಿಲ್ಮಿಗಷ್ಟೇ. 6×7 ಎಂಬ ದೊಡ್ಡ ಅಳತೆಯ ನೆಗೆಟಿವ್‌ನ ವಿಸ್ತೀರ್ಣ ಅದರ ನಾಲ್ಕೂವರೆ ಪಟ್ಟು. ಒತ್ತಕ್ಷರ ಓದಲಾಗದ ಅದೇ 2400ರ ಫ್ಲ್ಯಾಟ್‌ಬೆಡ್ ಅದರಿಂದ ಸುಮಾರು 35 ಮೆಗಾಪಿಕ್ಸೆಲ್ ಎತ್ತಿಕೊಡುತ್ತದೆ.