ಎತ್ತಿಕೋ ಎನ್ನುವ ಮಗು, ಎತ್ತಬಾರದ ಆರು ವಾರ

ಒಂದೂವರೆ ವರ್ಷದ ಮಗುವಿನ ತೂಕ ಸುಮಾರು 10 ಕೆ.ಜಿ. ಟಮ್ಮಿ ಟಕ್ (ಹೊಟ್ಟೆಯ ಜೋತುಬಿದ್ದ ಚರ್ಮ ಕತ್ತರಿಸಿ, ಒಳಗಿನ ಸ್ನಾಯು ಬಿಗಿಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡ ತಾಯಿಗೆ ಆಸ್ಪತ್ರೆಯವರು ಹೇಳಿ ಕಳಿಸುವ ಮಾತು, ಆರು ವಾರ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಅಂತ. ತುಂಬಿದ ಬಿಂದಿಗೆ, 20 ಲೀಟರಿನ ನೀರಿನ ಕ್ಯಾನು, ಒದ್ದೆ ಬಟ್ಟೆಯ ಬಕೆಟ್ಟು, ಅನ್ನ ಬೇಳೆ ಬೆಂದ ದೊಡ್ಡ ಕುಕ್ಕರ್, ಇವೂ ಆ ಮಿತಿಯ ಆಚೆಯವೇ. ಮನೆಯವರಿಗೆ ಈ ಮಿತಿಯ ಕಾರಣ ಗೊತ್ತಿರುವುದಿಲ್ಲ. ಹೊರಗೆ ಕಾಣುವುದು ಒಂದು ಗೆರೆಯಂಥ ಗಾಯ ಮಾತ್ರ, ಒಳಗೆ ಆಗಿರುವ ಕೆಲಸ ಬಹಳ ದೊಡ್ಡದು.

ಬಸಿರಿನಲ್ಲಿ ಹೊಟ್ಟೆ ಹಿಗ್ಗಿದಂತೆ ನಡುವಿನ ಎರಡು ಉದ್ದನೆಯ ಸ್ನಾಯುಪಟ್ಟಿಗಳು ಅತ್ತಿತ್ತ ಸರಿಯುತ್ತವೆ. ಹೆರಿಗೆಯ ನಂತರ ಬಹಳ ಮಂದಿಗೆ ಅವು ತಾವಾಗಿಯೇ ಹತ್ತಿರ ಬರುತ್ತವೆ. ಕೆಲವರಲ್ಲಿ ಎರಡು ಬೆರಳಿಗಿಂತ ಹೆಚ್ಚಿನ ಅಂತರ ಉಳಿದುಬಿಡುತ್ತದೆ, ಜೊತೆಗೆ ಜೋತುಬಿದ್ದ ಚರ್ಮ. ವ್ಯಾಯಾಮದಿಂದ ಸ್ನಾಯು ಬಲಿತೀತು, ಚರ್ಮ ಕುಗ್ಗದು. ಶಸ್ತ್ರವೈದ್ಯರು ಕೆಳಹೊಟ್ಟೆಯಲ್ಲಿ ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ದು, ಚರ್ಮ ಮತ್ತು ಕೊಬ್ಬಿನ ಪದರವನ್ನು ಪಕ್ಕೆಲುಬಿನ ಅಂಚಿನ ತನಕ ಬಿಡಿಸಿ ಮೇಲೆತ್ತುತ್ತಾರೆ. ಸ್ನಾಯುಗಳ ಮೇಲಿನ ಗಟ್ಟಿ ಹೊದಿಕೆಯನ್ನು ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಎಳೆದು ಹೊಲಿಯುತ್ತಾರೆ. ಆಮೇಲೆ ಚರ್ಮವನ್ನು ಕೆಳಗೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡುತ್ತಾರೆ. ಹೊಕ್ಕುಳು ಬುಡದಲ್ಲಿ ಇದ್ದಲ್ಲೇ ಇರುತ್ತದೆ, ಅದರ ಸುತ್ತಲಿನ ಚರ್ಮ ಹೊಸದು. ಇದು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಅಲ್ಲ. ಇನ್ನೊಂದು ಮಗು ಬೇಕು ಎಂದಿರುವವರು ಕಾಯುವುದೇ ಮೇಲು, ಮತ್ತೊಂದು ಬಸಿರು ಈ ಹೊಲಿಗೆಯನ್ನು ಮತ್ತೆ ಹಿಗ್ಗಿಸುತ್ತದೆ.

ಚರ್ಮದ ಗಾಯ ಹತ್ತು ಹನ್ನೆರಡು ದಿನದಲ್ಲಿ ಕೂಡಿಕೊಂಡಂತೆ ಕಾಣುತ್ತದೆ. ಆದರೆ ಮೂರನೇ ವಾರಕ್ಕೂ ಅದರ ಬಲ ಮೊದಲಿನ ಐದರಲ್ಲಿ ಒಂದು ಪಾಲು ಮಾತ್ರ. ಮೂರು ತಿಂಗಳಿಗೆ ಸುಮಾರು 80 ಪ್ರತಿಶತ ತಲುಪುತ್ತದೆ, ಅದಕ್ಕಿಂತ ಮೇಲೆ ಹೆಚ್ಚೇನೂ ಏರುವುದಿಲ್ಲ. ಒಳಗಿನ ಹೊದಿಕೆ ಕೂಡುವುದೂ ನಿಧಾನವೇ, ಅಷ್ಟು ದಿನ ಭಾರ ಹೊರುವುದು ದಾರ. ಮಗುವನ್ನು ನೆಲದಿಂದ ಎತ್ತುವಾಗ, ಜೋರಾಗಿ ಕೆಮ್ಮುವಾಗ, ಶೌಚಕ್ಕೆ ತಿಣುಕುವಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಅದೇ ದಾರವನ್ನು ಜಗ್ಗುತ್ತದೆ. ದಾರ ಹೊದಿಕೆಯನ್ನು ಸೀಳಿಕೊಂಡು ಬಂದರೆ ಹೊರಗೆ ಏನೂ ಕಾಣದೆ ಒಳಗೆ ಅಂತರ ಮರಳಿ ತೆರೆದುಕೊಳ್ಳುತ್ತದೆ.

ಮನೆಯ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಎರಡು ಮೂರು ವಾರ ಮೊದಲೇ ಶುರುವಾಗಬೇಕು. ಅಮ್ಮನ ಪಕ್ಕದಲ್ಲೇ ಮಲಗುವ ಮಗು ನಿದ್ದೆಯಲ್ಲಿ ಒದೆಯುತ್ತದೆ. ಅಪ್ಪನ ಜೊತೆಗೋ ಅಜ್ಜಿಯ ಜೊತೆಗೋ ಮಲಗುವ ಅಭ್ಯಾಸವನ್ನು ಮುಂಚೆಯೇ ಮಾಡಿಸಿ. ನೆಲದ ಹಾಸಿಗೆ, ನೆಲದ ಊಟ, ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ಮೂರನ್ನೂ ಈ ಆರು ವಾರ ಬಿಡಬೇಕು. ಕಮೋಡ್ ಇಲ್ಲದ ಮನೆಯಾದರೆ ಔಷಧಿ ಸಲಕರಣೆಯ ಅಂಗಡಿಯಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ. ಮೊದಲ ವಾರ, ಹತ್ತು ದಿನ ಬೆನ್ನ ಹಿಂದೆ ಎರಡು ಮೂರು ದಿಂಬು, ಮಂಡಿಯ ಕೆಳಗೆ ಒಂದು ಇಟ್ಟು, ಸೊಂಟದಲ್ಲಿ ಮಡಿಚಿದಂತೆ ಮಲಗಬೇಕು. ನಡೆಯುವಾಗಲೂ ತುಸು ಬಾಗಿಯೇ ನಡೆಯಬೇಕು, ನೆಟ್ಟಗೆ ನಿಂತರೆ ಹೊಲಿಗೆಯ ಗೆರೆಯ ಮೇಲೆ ಎಳೆತ ಬೀಳುತ್ತದೆ. ಇದರಿಂದ ಬೆನ್ನು ನೋಯುವುದು ಸಹಜ. ಏಳುವಾಗ ಒಂದು ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದಿಂದ ಇಳಿಬಿಟ್ಟು, ಕೈಯೂರಿ ಏಳಿ. ಅಂಗಾತ ಮಲಗಿದ್ದಲ್ಲಿಂದ ಹೊಟ್ಟೆಯ ಬಲದಲ್ಲಿ ಏಳಲೇಬೇಡಿ. ಕೆಮ್ಮು, ಸೀನು, ನಗು ಬಂದಾಗ ಒಂದು ಗಟ್ಟಿ ದಿಂಬನ್ನು ಹೊಟ್ಟೆಗೆ ಒತ್ತಿಹಿಡಿಯಿರಿ.

ಮಗುವನ್ನು ದೂರ ಇಡಬೇಕಿಲ್ಲ. ನೀವು ಸೋಫಾದ ಮೇಲೆ ಕೂತು, ತೊಡೆಯ ಮೇಲೆ ದಿಂಬಿಟ್ಟುಕೊಂಡು, ಬೇರೆಯವರು ಮಗುವನ್ನು ಪಕ್ಕದಲ್ಲಿ ಕೂರಿಸಲಿ. ಸ್ವಲ್ಪ ದೊಡ್ಡ ಮಗುವಾದರೆ ಒಂದು ಪುಟ್ಟ ಮಣೆ ಹಾಕಿಕೊಟ್ಟರೆ ತಾನೇ ಹತ್ತುತ್ತದೆ. ಓಡಿಬಂದು ಹೊಟ್ಟೆಗೆ ಡಿಕ್ಕಿ ಹೊಡೆಯುವ ವಯಸ್ಸಿನವರಿಗೆ ‘ಅಮ್ಮನ ಹೊಟ್ಟೆಗೆ ಗಾಯ’ ಎಂದು ಬ್ಯಾಂಡೇಜ್ ತೋರಿಸಿ ಹೇಳಿ.

ಒಳಗೆ ಬಿಡಿಸಿದ ಪದರಗಳ ನಡುವೆ ನೀರು ಸೇರುತ್ತದೆ. ಅದನ್ನು ಹೊರತರಲು ಬಹಳಷ್ಟು ಕಡೆ ಒಂದೋ ಎರಡೋ ಡ್ರೈನ್ ನಳಿಕೆ ಇಡುತ್ತಾರೆ. ಪದರಗಳನ್ನು ಒಳಗೇ ಒಂದಕ್ಕೊಂದು ಹೊಲಿದು ಡ್ರೈನ್ ಇಡದೆ ಮುಗಿಸುವವರೂ ಇದ್ದಾರೆ. ನಳಿಕೆಯ ತುದಿಯಲ್ಲಿರುವ ಬಲ್ಬಿನಂಥ ಮೆತ್ತನೆಯ ಬುರುಡೆಯನ್ನು ಹಿಸುಕಿ, ಒಳಗಿನ ಗಾಳಿ ಹೊರಹಾಕಿ ಮುಚ್ಚಳ ಹಾಕಿದರೆ ಮಾತ್ರ ಅದು ಹೀರುತ್ತದೆ. ಉಬ್ಬಿ ನಿಂತ ಬುರುಡೆ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಬೆಳಗ್ಗೆ ಸಂಜೆ ಕೈ ತೊಳೆದು, ಅಳತೆ ಲೋಟಕ್ಕೆ ಸುರಿದು, ಎಷ್ಟು ಮಿ.ಲೀ. ಎಂದು ದಿನಾಂಕದೊಡನೆ ಬರೆದಿಡಿ. ನಳಿಕೆಯಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ. ಚರ್ಮದ ಹತ್ತಿರ ಒಂದು ಕೈಯಲ್ಲಿ ನಳಿಕೆ ಭದ್ರವಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಬುರುಡೆಯ ಕಡೆಗೆ ಹಿಂಡಿಕೊಂಡು ಬರಬೇಕು. ಆಸ್ಪತ್ರೆ ಬಿಡುವ ಮೊದಲೇ ಮನೆಯ ಇಬ್ಬರಾದರೂ ಇದನ್ನು ನರ್ಸ್ ಎದುರಿಗೆ ಮಾಡಿ ಕಲಿತಿರಲಿ. ಬಣ್ಣ ದಿನೇ ದಿನೇ ಕೆಂಪಿನಿಂದ ತಿಳಿಗುಲಾಬಿಗೆ, ಆಮೇಲೆ ಒಣಹುಲ್ಲಿನ ಹಳದಿಗೆ ತಿರುಗಬೇಕು. 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಮಗುವಿನ ಕೈಗೆ ತೂಗಾಡುವ ಬುರುಡೆ ಆಟಿಕೆಯಂತೆ ಕಾಣುತ್ತದೆ, ನೈಟಿಯ ಒಳಗೆ ಪಿನ್ನು ಹಾಕಿ ಮುಚ್ಚಿಡಿ. ತೆಗೆದ ಮೇಲೂ ಹೊಟ್ಟೆಯಲ್ಲಿ ನೀರು ತುಳುಕಿದಂತೆ ಅನಿಸಿದರೆ ಅದು ಸೆರೋಮಾ, ಈ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಡಕು. ವೈದ್ಯರು ಸೂಜಿಯಿಂದ ಹೀರಿ ತೆಗೆಯುತ್ತಾರೆ. ಚರ್ಮ ಮರಗಟ್ಟಿರುವುದರಿಂದ ನೋವು ಅಷ್ಟಾಗಿ ತಿಳಿಯುವುದಿಲ್ಲ.

ಈ ಮರಗಟ್ಟುವಿಕೆಯೇ ನಮ್ಮ ಮನೆಗಳಲ್ಲಿ ದೊಡ್ಡ ಅಪಾಯ ತರುವುದು. ಹೊಟ್ಟೆಯ ಶಸ್ತ್ರಚಿಕಿತ್ಸೆ ಎಂದ ಕೂಡಲೇ ಹಿರಿಯರಿಗೆ ನೆನಪಾಗುವುದು ಬಾಣಂತನ: ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯುವುದು, ಶಾಖ ಕೊಡುವುದು, ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತುವುದು, ನೀರು ತರಕಾರಿ ಕಡಿಮೆ ಮಾಡುವ ಪಥ್ಯ. ಪ್ರೀತಿಯಿಂದಲೇ ಮಾಡುವ ಇವೆಲ್ಲ ಇಲ್ಲಿ ಹೊಂದುವುದಿಲ್ಲ. ಚರ್ಮಕ್ಕೆ ಹೋಗುವ ಸಣ್ಣ ನರಗಳು ಕತ್ತರಿಸಿರುವುದರಿಂದ ಕೆಳಹೊಟ್ಟೆಗೆ ತಿಂಗಳುಗಟ್ಟಲೆ ಬಿಸಿ ತಿಳಿಯುವುದಿಲ್ಲ. ಬಿಸಿನೀರಿನ ಚೀಲ ಇಟ್ಟುಕೊಂಡವರು ಬೊಬ್ಬೆ ಎದ್ದ ಮೇಲೆಯೇ ಸುಟ್ಟದ್ದನ್ನು ಕಾಣುತ್ತಾರೆ. ಐಸ್ ಚೀಲವೂ ಅಷ್ಟೇ. ಸೀರೆ ಸುತ್ತುವುದು ಏಕೆ ಬೇಡ ಎಂದರೆ, ಬಿಡಿಸಿ ಎತ್ತಿದ ಚರ್ಮಕ್ಕೆ ಈಗ ರಕ್ತ ಬರುವುದು ಮುಖ್ಯವಾಗಿ ಎರಡು ಪಕ್ಕಗಳಿಂದ. ಅಲ್ಲಿಂದ ಅತಿ ದೂರದ ಜಾಗ ಹೊಕ್ಕುಳಿನ ಕೆಳಗೆ, ಹೊಲಿಗೆಯ ನಡುಮಧ್ಯ. ಗಾಯ ಬಿಚ್ಚಿಕೊಳ್ಳುವುದೂ, ಚರ್ಮ ಕಪ್ಪಾಗುವುದೂ ಹೆಚ್ಚಾಗಿ ಅಲ್ಲೇ. ಮಡಿಕೆ ಬಿದ್ದ ಬಟ್ಟೆ ಅಲ್ಲಿನ ರಕ್ತ ಹರಿವನ್ನು ತಡೆಯುತ್ತದೆ. ವೈದ್ಯರು ಕೊಟ್ಟ ಬೆಲ್ಟು ಸಾಕು, ಒಳಗೆ ಅಂಗೈ ಜಾರುವಷ್ಟು ಸಡಿಲ ಇರಲಿ. ಬೀಡಿ ಸಿಗರೇಟಷ್ಟೇ ಅಲ್ಲ, ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ, ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಅದನ್ನು ಪೂರ್ತಿ ಬಿಡಬೇಕು. ಅಭ್ಯಾಸ ಇದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಿ.

ಪಥ್ಯವೂ ಬಾಣಂತನಕ್ಕೆ ತಿರುವುಮುರುವು. ಬಲವಾದ ನೋವಿನ ಮಾತ್ರೆಗಳು, ಕಬ್ಬಿಣದ ಮಾತ್ರೆಗಳು ಮಲಬದ್ಧತೆ ತರುತ್ತವೆ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ, ಬೇಕಾದರೆ ವೈದ್ಯರನ್ನು ಕೇಳಿ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ತೆಗೆದುಕೊಳ್ಳಿ. ಗಾಯ ಮಾಯಲು ಪ್ರೋಟೀನ್ ಬೇಕು. ಒಂದು ಮೊಟ್ಟೆ ಸುಮಾರು 6 ಗ್ರಾಂ, ಒಂದು ಲೋಟ ಹಾಲೂ ಹೆಚ್ಚುಕಡಿಮೆ ಅಷ್ಟೇ. ಬರೀ ಅನ್ನ ತಿಳಿಸಾರಿನಲ್ಲಿ ದಿನ ಕಳೆದರೆ ಸಾಲದು. ಉಪ್ಪಿನಕಾಯಿ ಹಪ್ಪಳ ಕಡಿಮೆಯಿರಲಿ, ಉಪ್ಪು ಊತವನ್ನು ಹೆಚ್ಚಿಸುತ್ತದೆ. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ.

ನಿಜಕ್ಕೂ ಪ್ರಾಣಕ್ಕೆ ಬರುವ ತೊಡಕು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನವೇ ಸಂಜೆ ಒಬ್ಬರ ಕೈಹಿಡಿದು ನಾಲ್ಕು ಹೆಜ್ಜೆ, ಮಾರನೆಯ ದಿನದಿಂದ ಎಚ್ಚರವಿರುವಾಗ ಗಂಟೆ ಎರಡು ಗಂಟೆಗೊಮ್ಮೆ ಮನೆಯೊಳಗೇ ಒಂದು ಸುತ್ತು. ‘ಪೂರ್ತಿ ವಿಶ್ರಾಂತಿ’ ಎಂದು ಹಾಸಿಗೆ ಬಿಟ್ಟು ಏಳಗೊಡದಿರುವುದು ತಪ್ಪು. ರಜೆಗೆಂದು ಅಮೆರಿಕದಿಂದಲೋ ಕೊಲ್ಲಿಯಿಂದಲೋ ಬಂದು ಬೆಂಗಳೂರಲ್ಲಿ ಮಾಡಿಸಿಕೊಂಡು ಎರಡೇ ವಾರಕ್ಕೆ ವಿಮಾನ ಹತ್ತುವ ಲೆಕ್ಕಾಚಾರ ಬೇಡ. ದೂರದ ಪ್ರಯಾಣಕ್ಕೆ ನಾಲ್ಕರಿಂದ ಆರು ವಾರ ಬಿಡುವಿರಲಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಫೋನು ಮಾಡುತ್ತ ಕೂರದೆ ತುರ್ತು ವಿಭಾಗಕ್ಕೆ ಹೋಗಿ. ಮೊದಲೆರಡು ದಿನದಲ್ಲಿ ಹೊಟ್ಟೆಯ ಒಂದು ಪಕ್ಕ ಇದ್ದಕ್ಕಿದ್ದಂತೆ ಉಬ್ಬಿ ಬಿಗಿದರೆ ಒಳಗೆ ರಕ್ತ ಸೋರುತ್ತಿರಬಹುದು. 100.4 ಡಿಗ್ರಿ ದಾಟಿದ ಜ್ವರ, ಹರಡುವ ಕೆಂಪು, ದುರ್ವಾಸನೆ, ಕಪ್ಪಾಗುವ ಅಂಚು, ಇವುಗಳಿಗೆ ಅದೇ ದಿನ ವೈದ್ಯರನ್ನು ಕಾಣಬೇಕು.

ಕುಟುಂಬದ ಕೆಲಸ ಹಂಚುವುದನ್ನು ಬರೆದೇ ಇಡುವುದು ಒಳ್ಳೆಯದು. ಮೊದಲ ಎರಡು ವಾರ ಅಡುಗೆ, ಕಸ, ನೆಲ ಒರೆಸುವುದು, ಮಗುವಿನ ಸ್ನಾನ ಯಾವುದೂ ತಾಯಿಯ ಪಾಲಿಗೆ ಬರಬಾರದು. ಹಗಲಲ್ಲಿ ಮಗುವನ್ನು ಎತ್ತಲು ಬಲ್ಲ ಒಬ್ಬರು ಮನೆಯಲ್ಲಿ ಇರಲೇಬೇಕು. ‘ಚೆಂದಕ್ಕೆ ಮಾಡಿಸಿಕೊಂಡದ್ದು, ಕಾಯಿಲೆಗಲ್ಲವಲ್ಲ’ ಎಂಬ ಮಾತು ಕೇಳಿ ನಾಲ್ಕನೇ ದಿನಕ್ಕೇ ಒಲೆ ಮುಂದೆ ನಿಲ್ಲುವ ಹೆಂಗಸರಿದ್ದಾರೆ. ಕೊಯ್ದದ್ದು, ಹೊಲಿದದ್ದು, ಮಾಯುವ ದಿನ, ಯಾವುದೂ ಆ ಮಾತಿನಿಂದ ಬದಲಾಗುವುದಿಲ್ಲ. ಹಬ್ಬಕ್ಕೋ ಮನೆಯ ಮದುವೆಗೋ ಎರಡು ತಿಂಗಳಾದರೂ ಮುಂಚೆ ಮುಗಿಯುವಂತೆ ದಿನ ಗೊತ್ತುಮಾಡಿ. ಕಾರು ಓಡಿಸಲು ಎರಡು ಮೂರು ವಾರ, ಅದೂ ನಿದ್ದೆ ಬರಿಸುವ ಮಾತ್ರೆ ನಿಂತು, ಹಟಾತ್ತನೆ ಬ್ರೇಕ್ ಒತ್ತಲು ಆಗುವಂತಾದ ಮೇಲೆ. ರಸ್ತೆ ಉಬ್ಬುಗಳ ಮೇಲೆ ಸ್ಕೂಟರ್ ಸವಾರಿಗೆ ಆರು ವಾರ.

ಬೆಳಗ್ಗೆ ಇಳಿದ ಊತ ಸಂಜೆಗೆ ಮರಳುವುದು ಮೂರು ತಿಂಗಳವರೆಗೂ ನಡೆಯುತ್ತದೆ. ಮೈಯ ಹೆಚ್ಚುವರಿ ನೀರನ್ನು ಒಯ್ಯುವ ದುಗ್ಧನಾಳಗಳು ಕೊಯ್ತದಲ್ಲಿ ಕಡಿದಿರುವುದು ಅದಕ್ಕೆ ಕಾರಣ. ಆರು ವಾರ ಕಳೆದು, ವೈದ್ಯರು ಹೊಟ್ಟೆ ಮುಟ್ಟಿ ನೋಡಿ ಒಪ್ಪಿದ ಮೇಲೆ ಮಗುವನ್ನು ಎತ್ತಬಹುದು. ಮೊದಮೊದಲು ನೆಲದಿಂದ ಬೇಡ. ಮಂಚದ ಮೇಲೆ ಮಗುವನ್ನು ನಿಲ್ಲಿಸಿ, ಮೈಗೆ ಒತ್ತಿಕೊಂಡು, ಮಂಡಿ ತುಸು ಬಾಗಿಸಿ, ಉಸಿರು ಬಿಡುತ್ತ ಎತ್ತಿ. ಉಸಿರು ಕಟ್ಟಿ ಎತ್ತಿದರೆ ಒತ್ತಡವೆಲ್ಲ ಹೊಲಿಗೆಯ ಮೇಲೆಯೇ ಬೀಳುತ್ತದೆ.